ಎಡ ಮಂಡಿ

ಏಳು ಸಂದರ್ಶನಕ್ಕೆ ಹೋಗಿ ಏಳರಲ್ಲೂ ಬಿದ್ದವಳು ನಾನು,
ಹಾಗಾಗಿ ನಮ್ಮ ಮನೆಗೆ ನಾನೇ ಪಂಡಿತೆ.
ಚಿಕ್ಕಮ್ಮ ಎರ್ಮಿಂಡಾ ಸ್ಟೂಲಿನ ಮೇಲೆ, ನಾನು ಕುರ್ಚಿಯ ಮೇಲೆ,
ನಡುವೆ ಮೇಣದ ಬಟ್ಟೆ ಹಾಸಿದ ಮೇಜು, ಬ್ರೆಡ್ಡಿನ ಚೂರು.
ಕಿಟಕಿಯಾಚೆ ವಾಲ್ಪರೈಸೊ,
ಮೇಲಿನ ಮನೆಯ ಒಗೆದ ಬಟ್ಟೆ
ಕೆಳಗಿನ ಮನೆಯ ತಲೆಗೆ ತೊಟ್ಟಿಕ್ಕುವ ಊರು.

"ನಿಮ್ಮ ದೌರ್ಬಲ್ಯವೇನು?"
ಗಂಟಲು ದಪ್ಪ ಮಾಡಿಕೊಂಡು ಕೇಳಿದೆ.
"ಎಡ ಮಂಡಿ," ಅಂದಳು.
"ಅಲ್ಲ ಚಿಕ್ಕಮ್ಮ, ಅವರು ಕೇಳೋದು ಸ್ವಭಾವದ್ದು."
"ಸ್ವಭಾವಕ್ಕೇನಾಗಿದೆ ಧಾಡಿ? ನೋಯೋದು ಮಂಡಿ.
ಅದೂ ಮಳೆಯ ಹಿಂದಿನ ದಿನ."

ಬರೆದುಕೋ, ಅಂದೆ:
ಯಾವ ಕೆಲಸವನ್ನೂ ಅಚ್ಚುಕಟ್ಟಾಗದೆ ಬಿಡಲಾರೆ, ಅದೇ ನನ್ನ ದೋಷ.
ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು.
"ಹಳೇ ಮೀನಿನ ಕಣ್ಣಿಗೆ ನೀರು ಚಿಮುಕಿಸಿ
ಈಗಷ್ಟೇ ಬಲೆಯಿಂದ ಬಂತು ಅಂದ ಹಾಗಾಯ್ತಲ್ಲೇ ಇದು!
ಇದಕ್ಕೆ ನಮ್ಮ ಮಾರ್ಕೆಟ್ಟಲ್ಲಿ ದಂಡ ಹಾಕ್ತಿದ್ದರು."

ಇಪ್ಪತ್ತಾರು ವರ್ಷ ಮೀನು ಸೀಳಿದ ಕೈ.
ಈಗ ಗುಡ್ಡಕ್ಕೆ ಒರಗಿ ಹತ್ತುವ ಹಳೇ ಲಿಫ್ಟಿನಲ್ಲಿ
ಗೇಟು ತೆಗೆಯುವ, ಚಿಲ್ಲರೆ ಎಣಿಸುವ,
ಮಕ್ಕಳ ಬೆರಳು ಬಾಗಿಲಿಗೆ ಸಿಗದಂತೆ ನೋಡುವ ಕೆಲಸ.
ಕೂತು ಮಾಡುವ ಕೆಲಸ! ಅವಳಿಗೆ ಅದೇ ದೊಡ್ಡದು.

ನಿಂಬೆ ಉಜ್ಜಿದೆವು, ಕಾಫಿ ಚರಟ ಉಜ್ಜಿದೆವು,
ಸೋಡಾಪುಡಿ ಉಜ್ಜಿದೆವು.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.
"ನನ್ನ ಮೂಗಿಗೆ ತಿಳಿಯೋದಿಲ್ಲ, ನೀನು ಹೇಳು" ಅಂತ
ಅಂಗೈ ಮುಂದಿಟ್ಟಳು.
ಏನೂ ಇಲ್ಲ, ಅಂದೆ.
ಆ ಸಂಜೆ ಅವಳಿಗೆ ನಾನು ಹೇಳಿದ ಮೊದಲ ಸುಳ್ಳು.
ಉಳಿದವುಗಳನ್ನು ತರಬೇತಿ ಅಂದುಕೊಂಡಿದ್ದೆ.

ಕೈಕುಲುಕುವ ಪಾಠ.
ಮೊದಲ ಸಲ, ಹಾವುಮೀನಿನ ಕಿವಿರಿಗೆ ಬೆರಳು ಹಾಕಿದಂತೆ
ನನ್ನ ಮೂಳೆಗಳನ್ನು ಒಂದುಗೂಡಿಸಿದಳು.
ಮೆಲ್ಲಗೆ, ಅಂದದ್ದಕ್ಕೆ
ಮುಳ್ಳು ತೆಗೆದ ತುಂಡೊಂದನ್ನು ನನ್ನ ಕೈಯಲ್ಲಿಟ್ಟಳು.
"ಬಿಗಿಯಾಗಿಯೂ ಬೇಡ, ಸತ್ತ ಹಾಗೂ ಬೇಡ."
"ಅಂದರೆ ಬದುಕಿದ್ದೂ ಸುಮ್ಮನಿರೋ ಹಾಗೆ," ಅಂದಳು,
"ಅದು ನನಗೆ ಬರುತ್ತೆ ಬಿಡು."

ಕೋಟು, ಕೆಳಮನೆಯ ಉಬೆರ್ಲಿಂಡಾಳದ್ದು.
ಸಾವಿನ ಮನೆಗಳಿಗೆಂದು ಹೊಲಿಸಿದ ಕಪ್ಪು ಕೋಟು,
ಇದುವರೆಗೆ ಯಾರಿಗೂ ಒಳ್ಳೆ ಸುದ್ದಿ ತಂದದ್ದಲ್ಲ.
ತೋಳು ಉದ್ದ. ಮಡಿಚಿ ಒಳಗೆ ಪಿನ್ನು ಹಾಕಿದೆ.
"ಕೈ ಎತ್ತಬೇಡ, ಚುಚ್ಚುತ್ತೆ."

ಬೆಳಿಗ್ಗೆ ಒಂಬತ್ತೂವರೆ.
ಮೇಲಿನ ನಿಲ್ದಾಣದ ಬೆಂಚಿನಲ್ಲಿ ನಾನು,
ಕೊಳೆ ಹಿಡಿದ ಗಾಜಿನ ಹಿಂದೆ ಅವರಿಬ್ಬರು.
ತುಟಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.
ತಂತಿ ಎಳೆಯುವ ಚಕ್ರ ಒಮ್ಮೆ ಕಿರ್ರೆಂದಿತು.
ಚಿಕ್ಕಮ್ಮ ಕೈ ಎತ್ತಿದಳು.
ಬೇಡ ಅಂದಿದ್ದೆನಲ್ಲ!
ಎತ್ತಿದ ಕೈ ಹಾಗೇ ನಿಂತಿತು,
ಅವನು ಪೆನ್ನು ಕೆಳಗಿಟ್ಟ.
ನನ್ನ ಏಳೂ ಸಂದರ್ಶನಗಳಲ್ಲಿ
ಪೆನ್ನು ಕೆಳಗಿಟ್ಟದ್ದು ಮುಗಿಯಿತು ಅನ್ನುವುದಕ್ಕೆ.

ಹೊರಬಂದಳು. ಮಣಿಕಟ್ಟಿನಲ್ಲಿ ಸಣ್ಣ ರಕ್ತದ ಚುಕ್ಕೆ.
"ಏನು ಕೇಳಿದ?"
"ದೌರ್ಬಲ್ಯ ಕೇಳಿದ."
"ಹೇಳಿದೆಯಾ, ಬರೆದು ಕೊಟ್ಟಿದ್ದು?"
"ಬಾಯಿಗೇ ಬರಲಿಲ್ಲ ಕಣೇ. ಮಂಡಿ ಅಂದೆ."
"ಅಯ್ಯೋ. ಆಮೇಲೆ?"
"ತನ್ನದು ಬಲಗಡೆ ಅಂದ.
ಯಾವ ಮುಲಾಮು ಹಚ್ಚುತ್ತೀರಿ ಅಂತ ಕೇಳಿ ಬರೆದುಕೊಂಡ.
ಶುಕ್ರವಾರ ತಿಳಿಸುತ್ತಾರಂತೆ."
"ಮತ್ತೆ ಆ ಕೈ?"
"ಚಕ್ರಕ್ಕೆ ಗ್ರೀಸು ಬೇಕು, ಕೇಳಿಸಲಿಲ್ಲವಾ ನಿನಗೆ?"

ಇಳಿಯುವಾಗ ಮೆಟ್ಟಿಲು ಬೇಡವೆಂದು ಲಿಫ್ಟಿಗೆ ದುಡ್ಡು ಕೊಟ್ಟಳು,
ಇಬ್ಬರದ್ದೂ, ಲೆಕ್ಕ ಹಾಕಿ, ಚಿಲ್ಲರೆಯಲ್ಲಿ.

ಇವತ್ತು ಬುಧವಾರ.
ಸೋಮವಾರ ನನ್ನ ಎಂಟನೆಯದು, ಬಂದರಿನ ಕಚೇರಿಯಲ್ಲಿ.
ಕೋಟು ಈಗ ನನ್ನ ಬಾಗಿಲ ಹಿಂದೆ ತೂಗುತ್ತಿದೆ,
ಜೇಬಿನಲ್ಲಿ ಅರ್ಧ ನಿಂಬೆಹಣ್ಣು.
ಕನ್ನಡಿಯ ಮುಂದೆ ನಿಂತು ದೌರ್ಬಲ್ಯ ಹುಡುಕುತ್ತಿದ್ದೇನೆ.
ನನ್ನ ಮಂಡಿಗಳೆರಡೂ ಚೆನ್ನಾಗಿವೆ.